ಮೊದಲು ಕೇಳುವ ಡಿಸ್ಕು

ಆನ್ ಮಾಡಿದರೂ ಏಳದ ಕಂಪ್ಯೂಟರ್ ಕಂಡರೆ ನಮ್ಮ ಬೀದಿಯ ರಿಪೇರಿ ಮಾವನಿಗೆ ಎಲ್ಲಿಲ್ಲದ ಹುರುಪು. ಒಳಗೆ ಮೂರ್ನಾಲ್ಕು ಹಾರ್ಡ್ ಡಿಸ್ಕ್ ಇದ್ದರಂತೂ ಕೇಳುವುದೇ ಬೇಡ. "ಮನೆಗೆ ನಾಲ್ಕು ಯಜಮಾನರಾದ್ರೆ ಹಿಂಗೇ, ಯಾರ ಮಾತು ಕೇಳ್ಬೇಕೋ ಪಾಪ ಇದಕ್ಕೆ ಗೊತ್ತಾಗ್ತಿಲ್ಲ" ಎನ್ನುತ್ತ ಎಲ್ಲದರ ವೈರು ಕಿತ್ತು, ಒಂದೊಂದನ್ನೇ ಸಿಕ್ಕಿಸಿ, "ನೀನಲ್ಲ, ಸುಮ್ನೆ ಕೂತ್ಕೋ, ನೀನು ಬಾರಪ್ಪ" ಎಂದು ಗದರುತ್ತಾರೆ. ಕಂಪ್ಯೂಟರನ್ನು ಎಬ್ಬಿಸುವ ಡಿಸ್ಕು ಸಿಕ್ಕಿದೊಡನೆ, ಅದು ಏಳುವಾಗ ಯಾವ ಡಿಸ್ಕನ್ನು ಮೊದಲು ಕೇಳಬೇಕೆಂಬ ಪಟ್ಟಿಯಲ್ಲಿ ಅದನ್ನು ಮೇಲಕ್ಕೇರಿಸಿ ಬೀಗುತ್ತಾರೆ. ಅವರ ಸ್ವಂತ ಕಂಪ್ಯೂಟರ್ ಮಾತ್ರ ಏಳಲು ಐದು ನಿಮಿಷ ಸತಾಯಿಸುತ್ತದೆ. ಅದರ ಪಟ್ಟಿಯಲ್ಲಿ ಮೊದಲಿರುವುದು ತೀರಿಕೊಂಡ ಹೆಂಡತಿಯ ಡಿಸ್ಕು. ಕೆಟ್ಟು ವರ್ಷವಾದರೂ ಕಂಪ್ಯೂಟರ್ ದಿನಾ ಅದನ್ನೇ ಕೇಳಿ, ಕಾದು, ಆಮೇಲೆ ಮುಂದಿನದಕ್ಕೆ ಹೋಗುತ್ತದೆ. "ತೆಗೆದುಬಿಡಬಾರದಾ ಮಾವ?" ಎಂದರೆ ನಗುತ್ತಾರೆ: "ಅವಳನ್ನ ಒಂದು ಮಾತು ಕೇಳದೆ ಈ ಮನೇಲಿ ಯಾವ ಕೆಲಸ ಶುರುವಾಗಿದೆ ಹೇಳು?"