ಹತ್ತಿ ಹಿಂಜುವವನ ಹುಬ್ಬು

ಹಿರಿಯಳೆಂದು ಓಣಿಯೆಲ್ಲ ಹಾಗ್ಗಾ ಎಂದು ಕರೆಯುವ ನಮ್ಮ ಎದುರು ಮನೆಯ ಇನ್‌ಶಿರಾಹ್ ಸಿನಿಮಾ ನೋಡುವಾಗ ಮುಖ ನೋಡುವುದಿಲ್ಲ, ಕೈ ನೋಡುತ್ತಾಳೆ. ಕಳೆದ ಚಳಿಗಾಲದಲ್ಲಿ ಬಂದ ಒಂದು ಚಿತ್ರದಲ್ಲಿ ಬಡ ವಿಧವೆಯೊಬ್ಬಳು ಸೊಪ್ಪು ಹೆಚ್ಚುತ್ತಾ ಅಳುವುದಿತ್ತು. ನಮ್ಮ ಕಟ್ಟಡದ ಹೆಂಗಸರೆಲ್ಲ ಅವಳ ಜೊತೆ ಅತ್ತೆವು. ಇನ್‌ಶಿರಾಹ್ ಮಾತ್ರ ಕುಂಬಳಬೀಜ ಸುಲಿಯುತ್ತಾ ಕೂತಿದ್ದಳು.

"ಇವಳು ಜನ್ಮದಲ್ಲಿ ಸೊಪ್ಪು ಹೆಚ್ಚಿಲ್ಲ" ಅಂದಳು. "ಕತ್ತಿ ಹಿಡಿಯೋ ರೀತಿ ನೋಡಿ. ಹಿಂಗೆ ಹೆಚ್ಚಿದ್ರೆ ಸಾರಲ್ಲಿ ಸೊಪ್ಪಿಗಿಂತ ಬೆರಳೇ ಜಾಸ್ತಿ ಇರ್ತವೆ."

ಅಳು ಅಲ್ಲಿಗೇ ನಿಂತಿತು. ಎಲ್ಲರೂ ಕಣ್ಣೊರೆಸಿಕೊಂಡು ನಕ್ಕೆವು.

ಅವಳಿಗೆ ಓದು ಬರಹ ಬರುವುದಿಲ್ಲ. ನಾನು ಐದನೆಯ ತರಗತಿಯವರೆಗೆ ಹೋದವಳು. ಅವಳ ಔಷಧಿ ಚೀಟಿ, ವಿದ್ಯುತ್ ಬಿಲ್ಲು ಎಲ್ಲ ಓದಿ ಹೇಳುವವಳು ನಾನೇ. ಆದರೆ ಸಿನಿಮಾದ ಮುಂದೆ ಕೂತರೆ ಅವಳು ಓದಿದಷ್ಟು ನಾನು ಓದಲಾರೆ. ಪೊಲೀಸರ ಚಿತ್ರ ಬಂದರೆ, "ಮೂರು ಬೀದಿ ಓಡಿದವನ ಅಂಗಿ ಕಂಕುಳಲ್ಲಿ ಒದ್ದೆಯಾಗಿಲ್ಲ, ಇವನೇನು ಫ್ರಿಜ್ಜಿನೊಳಗೆ ಓಡಿದನಾ?" ಎನ್ನುತ್ತಾಳೆ. ಶ್ರೀಮಂತರ ಮನೆಯ ಚಿತ್ರ ಬಂದರೆ ಅವಳ ಕಣ್ಣು ಮೊದಲು ಹೋಗುವುದು ಹಾಸಿಗೆಯ ಅಂಚಿನ ಹೊಲಿಗೆಗೆ. ಎಲ್ಲವನ್ನೂ ಬೈಯುವವಳು ಅಂತಲ್ಲ. ಹೋದ ವರ್ಷ ಒಂದು ಸಣ್ಣ ಚಿತ್ರ ಬಂದಿತ್ತು, ಪಾತ್ರಧಾರಿಗಳ ಹೆಸರು ಯಾರಿಗೂ ಗೊತ್ತಿಲ್ಲ. ಅದರಲ್ಲಿ ಟ್ಯಾಕ್ಸಿ ಓಡಿಸುವ ಮುದುಕ ಗೋಡೆಯ ಕಡೆ ಮುಖ ಮಾಡಿ ರೊಟ್ಟಿ ತಿನ್ನುತ್ತಾನೆ. ಇನ್‌ಶಿರಾಹ್ ಬೀಜದ ತಟ್ಟೆ ಕೆಳಗಿಟ್ಟಳು. "ಇವನು ಹಸಿದಿದ್ದಾನೆ. ನೋಡೋ ಸಿನಿಮಾ ಇದು" ಅಂದಳು, ಅಷ್ಟೇ. ಆ ವಾರ ನಮ್ಮ ಓಣಿಯ ಪ್ರತಿ ಮನೆಯಿಂದಲೂ ಅದೇ ಟ್ಯಾಕ್ಸಿಯ ಹಾರನ್ ಕೇಳುತ್ತಿತ್ತು.

ಮಹಲ್ಲಾ ಊರಿನ ನಮ್ಮ ಓಣಿಯಲ್ಲಿ ಜನ ಪತ್ರಿಕೆ ಓದಿ ಸಿನಿಮಾ ಆರಿಸುವುದಿಲ್ಲ. ಹಾಗ್ಗಾ ಏನಂದಳು ಎಂದು ಕೇಳುತ್ತಾರೆ. ಔಷಧಿ ಅಂಗಡಿಯ ಡಾಕ್ಟರೂ ಕೇಳುತ್ತಾರೆ.

ಈ ಕಣ್ಣು ಅವಳಿಗೆ ಬಂದದ್ದು ಕೆಲಸದಿಂದ. ಅವಳ ಗಂಡನ ಹೆಸರು ಮೆತ್ವಲ್ಲಿ, ಹತ್ತಿ ಹಿಂಜುವವರು. ಊರಲ್ಲಿ ಯಾವುದೇ ಮದುವೆಗೆ ಮುಂಚೆ ಹೆಣ್ಣಿನ ಮನೆಯ ಮುಂದೆ ಚಾಪೆ ಹಾಸಿ, ಹತ್ತಿ ಹಿಂಜುವ ಬಿಲ್ಲು ಹಿಡಿದು ಕೂರುತ್ತಿದ್ದರು. ಮರದ ಕೊಡತಿಯಿಂದ ತಂತಿಗೆ ಏಟು ಬಿದ್ದರೆ ಧಂಯ್ ಧಂಯ್ ಎಂಬ ಸದ್ದು ನಾಲ್ಕು ಓಣಿಗೆ ಕೇಳುತ್ತಿತ್ತು. ಹೆಂಗಸರು ನಾಲಿಗೆ ಆಡಿಸಿ ಉಲುಲು ಹಾಕುತ್ತಿದ್ದರು, ಶರಬತ್ತು ಹಂಚುತ್ತಿದ್ದರು, ಹತ್ತಿ ಮೋಡದ ಹಾಗೆ ಏಳುತ್ತಿತ್ತು. ಇನ್‌ಶಿರಾಹ್ ಪಕ್ಕದಲ್ಲಿ ಕೂತು ಹಾಸಿಗೆಯ ಚೀಲ, ರಜಾಯಿಯ ಹೊದಿಕೆ ಹೊಲಿಯುತ್ತಿದ್ದಳು. ಈ ಊರಿನ ಅರ್ಧಕ್ಕರ್ಧ ಸಂಸಾರಗಳು ಅವರಿಬ್ಬರು ಮಾಡಿದ ಹಾಸಿಗೆಯ ಮೇಲೆ ಶುರುವಾದವು. ನನ್ನ ಮೂವರು ಹೆಣ್ಣುಮಕ್ಕಳದೂ ಸೇರಿ. ಆಮೇಲೆ ಸ್ಪಂಜಿನ ಹಾಸಿಗೆ ಬಂತು. ಮೆತ್ವಲ್ಲಿ ತೀರಿಕೊಂಡು ಹನ್ನೊಂದು ವರ್ಷವಾಯಿತು.

ಅವರಿಗೆ ಮಕ್ಕಳಿರಲಿಲ್ಲ. ಇನ್‌ಶಿರಾಹ್‌ಳ ತಮ್ಮ ತೀರಿಕೊಂಡಾಗ ಅವನ ಮಗಳು ರಬಾಬ್‌ಗೆ ನಾಲ್ಕು ವರ್ಷ. ಗಂಡ ಹೆಂಡತಿ ಅವಳನ್ನು ತಂದು ಸಾಕಿದರು, ಓದಿಸಿದರು. ಅವಳೀಗ ಕೈರೋದಲ್ಲಿ ಸಿನಿಮಾದವರ ಜೊತೆ ಕೆಲಸ ಮಾಡುತ್ತಾಳೆ. ಚಿತ್ರದಲ್ಲಿ ಕಾಣುವ ಮಡಕೆ, ಕುರ್ಚಿ, ಪರದೆ, ಹಳೆಯ ರೇಡಿಯೋ ಎಲ್ಲ ಹುಡುಕಿ ಜೋಡಿಸುವ ಕೆಲಸ. ಹತ್ತು ವರ್ಷ ಬೇರೆಯವರ ಕೈಕೆಳಗೆ ದುಡಿದವಳಿಗೆ ಈ ಸಲ ಮೊದಲ ಬಾರಿಗೆ ಇಡೀ ಚಿತ್ರದ ಜವಾಬ್ದಾರಿ ಸಿಕ್ಕಿತು. ಅದರಲ್ಲಿ ಹತ್ತಿ ಹಿಂಜುವ ದೃಶ್ಯವಿದೆ ಎಂದು ಮಾವನ ಬಿಲ್ಲನ್ನೇ ಬಟ್ಟೆಯಲ್ಲಿ ಸುತ್ತಿ ಒಯ್ದಿದ್ದಳು.

ಆ ಚಿತ್ರ ಈ ವಸಂತದಲ್ಲಿ ಮನೆಯ ಟಿವಿಗೆ ಬಂತು. ಶುಕ್ರವಾರದ ಊಟದ ನಂತರ ಎಲ್ಲರೂ ಇನ್‌ಶಿರಾಹ್‌ಳ ಕೋಣೆಯಲ್ಲಿ ಸೇರುವುದು ವಾಡಿಕೆ. ಆ ಶುಕ್ರವಾರ ರಬಾಬ್ ಕೂಡ ಬರುತ್ತೇನೆ ಎಂದು ಫೋನು ಮಾಡಿದ್ದಳು. ಬೆಳಿಗ್ಗೆ ನಾನು ಬಸ್ಬೂಸಾ ಸಿಹಿಗೆ ರವೆ ಹುರಿಯುತ್ತಿದ್ದಾಗ ಇನ್‌ಶಿರಾಹ್ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಇಸಾಮನ ಅಮ್ಮ, ಚೆನ್ನಾಗಿಲ್ಲದಿದ್ರೆ ಏನು ಹೇಳಲಿ?" ನನ್ನ ಮಗನ ಹೆಸರು ಹಿಡಿದೇ ಅವಳು ನನ್ನನ್ನು ಕರೆಯುವುದು.

"ಚೆನ್ನಾಗಿದೆ ಅನ್ನು. ನಿನ್ನ ಮಗು ಕಣೇ ಅದು."

"ಬೇರೆಯವರ ಮಕ್ಕಳು ಮಾಡಿದ್ದನ್ನ ಅಷ್ಟು ಬೈದೆನಲ್ಲ? ನಂದು ಅಂದ ಕೂಡಲೇ ಬಾಯಿಗೆ ಬೆಲ್ಲ ಹಾಕ್ಕೊಳ್ಳಲಾ?"

"ಹಾಗಾದ್ರೆ ಸುಮ್ಮನಿರು."

"ನಾನು ಸುಮ್ಮನಿದ್ರೆ ಅವಳಿಗೆ ಗೊತ್ತಾಗಲ್ವಾ? ನನ್ನ ಕೈಯಲ್ಲೇ ಬೆಳೆದವಳು" ಅಂದಳು. ಹುರಿದ ರವೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಹೋದಳು.

ಮಧ್ಯಾಹ್ನ ಕೋಣೆ ತುಂಬಿತು. ಮೇಲಿನ ಮಹಡಿಯ ಅವಾತಿಫ್ ಎಲ್ಲರಿಗಿಂತ ಮುಂಚೆ ಬಂದು ಒಳ್ಳೆ ಜಾಗ ಹಿಡಿದಿದ್ದಳು. ಅವಳ ಅಳಿಯ ನಾಟಕವೊಂದರಲ್ಲಿ ಚಿಕ್ಕ ಪಾತ್ರ ಮಾಡಿದಾಗ ಇನ್‌ಶಿರಾಹ್ "ಮಾತಾಡೋಕೆ ಮುಂಚೆ ಚೆನ್ನಾಗಿದ್ದ" ಅಂದಿದ್ದಳು. ಆ ಮಾತು ಅವಾತಿಫ್ ಮರೆತಿರಲಿಲ್ಲ.

"ಬಾ ರಬಾಬ್, ನನ್ನ ಪಕ್ಕ ಕೂರು. ಇವತ್ತು ನಿಮ್ಮತ್ತೆಯ ತಕ್ಕಡಿ ಯಾವ ಕಡೆ ವಾಲತ್ತೆ ಅಂತ ನೋಡೋಕೇ ನಾನು ಮೊಮ್ಮಕ್ಕಳನ್ನ ಬಿಟ್ಟು ಬಂದಿದ್ದೀನಿ."

"ನೀವು ಸಿನಿಮಾ ನೋಡಿ ದೊಡ್ಡಮ್ಮ" ಎಂದು ರಬಾಬ್ ನಕ್ಕಳು. ಕೈಯಲ್ಲಿದ್ದ ಚಹಾದ ಲೋಟ ಸಣ್ಣಗೆ ಅಲುಗುತ್ತಿತ್ತು.

ಚಿತ್ರ ಶುರುವಾಯಿತು. ನಮ್ಮಂಥದೇ ಓಣಿ, ನಮ್ಮಂಥದೇ ಮೆಟ್ಟಿಲು. ಅಡುಗೆಮನೆಯ ಹಿತ್ತಾಳೆಯ ಒಲೆ ಅಲುಗದ ಹಾಗೆ ಒಂದು ಕಾಲಿನ ಕೆಳಗೆ ಮಡಚಿದ ರಟ್ಟು ಇಟ್ಟಿತ್ತು. ಅದನ್ನು ಕಂಡು ಇನ್‌ಶಿರಾಹ್ ಹ್ಞೂಂ ಅಂದಳು. ಅವಳ ಬಾಯಲ್ಲಿ ಹ್ಞೂಂ ಬರುವುದೇ ಅಪರೂಪ. ಬಟ್ಟೆ ಒಣಹಾಕಿದ ಹಗ್ಗ ಕಂಡಿತು; ಬೀದಿಯ ಕಡೆ ದುಪ್ಪಟಿ, ಒಳಗಡೆಗೆ ಒಳಉಡುಪು. ಮತ್ತೊಂದು ಹ್ಞೂಂ. ರಬಾಬ್‌ಳ ಭುಜ ಸಡಿಲವಾಯಿತು.

ಆಮೇಲೆ ಆ ದೃಶ್ಯ ಬಂತು. ಚಾಪೆ, ಹೆಂಗಸರು, ಶರಬತ್ತು, ಉಲುಲು. ಮೆತ್ವಲ್ಲಿಯ ಬಿಲ್ಲು. ಧಂಯ್ ಧಂಯ್ ಸದ್ದು ಬರುತ್ತಿದ್ದ ಹಾಗೆ ನನ್ನ ಮೈ ನವಿರೆದ್ದಿತು. ಅವಾತಿಫ್ ಕೂಡ ತನಗೇ ಗೊತ್ತಿಲ್ಲದೆ ಒಂದು ಉಲುಲು ಹಾಕಿದಳು. ಹಿಂಜುವವನು ಎದ್ದು, ವಧುವಿನ ತಂದೆಯ ಹತ್ತಿರ ಬಂದು, ಹಾಸಿಗೆ ಸಿದ್ಧ ಎಂದು ಹೇಳಿದ. ಅವನ ಮುಖ ಟಿವಿಯ ತುಂಬ ಬಂತು.

ಇನ್‌ಶಿರಾಹ್ ತಟ್ಟೆ ಕೆಳಗಿಡಲಿಲ್ಲ. ಬೀಜ ಸುಲಿಯುವುದನ್ನು ನಿಲ್ಲಿಸಿದಳು, ಅಷ್ಟೇ. ನಾನು ಅವಳ ಮುಖ ನೋಡಿದೆ. ರಬಾಬ್ ಕೂಡ ಅದನ್ನೇ ನೋಡುತ್ತಿದ್ದಳು.

ಚಿತ್ರ ಮುಗಿಯಿತು. ಎಲ್ಲರೂ ಇನ್‌ಶಿರಾಹ್ ಕಡೆ ತಿರುಗಿದರು.

"ಹೇಳು ಹಾಗ್ಗಾ" ಎಂದಳು ಅವಾತಿಫ್. "ನಮ್ಮ ಮಕ್ಕಳಿಗಾದ್ರೆ ಇಷ್ಟು ಹೊತ್ತಿಗೆ ಮೈಚಳಿ ಬಿಡಿಸಿರ್ತಿದ್ದೆ."

ಇನ್‌ಶಿರಾಹ್ ರಬಾಬ್‌ಳ ಕಡೆ ತಿರುಗಿದಳು. "ಒಲೆ ಸರಿ. ಹಗ್ಗ ಸರಿ. ಹಾಸಿಗೆಯ ಅಂಚು ನಾನು ಹೊಲಿದ ಹಾಗೇ ಇದೆ, ಎಲ್ಲಿ ಕಲಿತೆ ಅಂತ ಕೇಳಲ್ಲ. ಆದ್ರೆ ರಬಾಬ್, ಇಡೀ ದಿನ ಹತ್ತಿ ಹಿಂಜಿದವನ ಹುಬ್ಬಿನ ಮೇಲೆ ಒಂದೆಳೆ ಹತ್ತಿ ಇಲ್ಲ. ಆ ಮನುಷ್ಯ ಸುಳ್ಳು. ಅವನು ಸುಳ್ಳಾದ ಮೇಲೆ ಆ ಓಣಿಯೂ ಸುಳ್ಳು."

ರಬಾಬ್ ಲೋಟ ಕೆಳಗಿಟ್ಟಳು. ಅವಳ ಮುಖ ಕೆಂಪಗಾಯಿತು.

"ಹೋಗ್ಲಿ ಬಿಡೇ, ಹುಬ್ಬು ಯಾರು ನೋಡ್ತಾರೆ!" ಎಂದು ಅವಾತಿಫ್‌ಳೇ ಬಾಯಿ ಹಾಕಿದಳು. ಅವಳಿಗೂ ಹುಡುಗಿಯ ಮುಖ ನೋಡಲಾಗಲಿಲ್ಲವೇನೋ.

"ಮೊದಲು ಇತ್ತು ಅತ್ತೆ" ಎಂದಳು ರಬಾಬ್. "ಹುಬ್ಬು, ಮೀಸೆ, ರೆಪ್ಪೆ, ಎಲ್ಲಾ ಬೆಳ್ಳಗಿತ್ತು. ಕ್ಯಾಮೆರಾ ಹತ್ತಿರ ಬರುತ್ತೆ ಅಂದ ತಕ್ಷಣ ನಾನೇ ಹೋಗಿ ಒರೆಸಿದೆ. ಯಾರೂ ಹೇಳಿರಲಿಲ್ಲ."

"ಯಾಕೆ?"

"ಜನ ನಗ್ತಾರೆ ಅನ್ನಿಸ್ತು." "ಮಾವ ಶಾಲೆ ಹತ್ರ ಕರ್ಕೊಂಡು ಹೋಗೋಕೆ ಬರ್ತಿದ್ರಲ್ಲ. ಹುಡುಗೀರು ನಿನ್ನ ಮಾವ ಕುರಿ ಅಂತ ಆಡ್ಕೊಳ್ತಿದ್ರು. ನಾನು ಓಡಿ ಹೋಗಿ, ಮೂಲೆಗೆ ಎಳೆದು, ಅವರ ಹುಬ್ಬಿಂದ ಹತ್ತಿ ಕಿತ್ತು ಹಾಕ್ತಿದ್ದೆ. ಹಾಗೆ ಮಾಡಿದ್ದು ನಾಚಿಕೆಗೆ. ಪ್ರೀತಿಗಲ್ಲ. ಈಗ್ಲೂ ಕೈ ತಾನಾಗೇ ಹೋಯ್ತು."

ಇನ್‌ಶಿರಾಹ್ ಬೀಜದ ತಟ್ಟೆ ಕೆಳಗಿಟ್ಟಳು.

ಆಮೇಲೆ ಹೇಳಿದಳು: "ಅವರು ಮನೆಗೆ ಬರೋ ದಾರೀಲಿ ಮಸೀದಿಯ ನೀರಿನ ನಲ್ಲಿ ಇತ್ತು. ಬೇರೆ ದಿನ ಅಲ್ಲೇ ಮುಖ ತೊಳೀತಿದ್ರು. ನಿನ್ನ ಶಾಲೆಗೆ ಬರೋ ದಿನ ತೊಳೀತಿರಲಿಲ್ಲ. ತೊಳೆದ್ರೆ ಹುಡುಗಿಗೆ ಏನು ಕೆಲಸ ಉಳಿಯುತ್ತೆ, ಅವಳ ಕೈಯಲ್ಲೇ ಬಿಡಿಸ್ಕೊಬೇಕು ಅಂತಿದ್ರು. ಚಹಾ ಅಂಗಡೀಲಿ ಹೇಳ್ಕೊಂಡು ತಿರುಗ್ತಿದ್ರು ಆ ಮನುಷ್ಯ."

ರಬಾಬ್ ಅತ್ತೆಯ ಮಡಿಲಿಗೆ ಮುಖ ಒತ್ತಿದಳು. ಇನ್‌ಶಿರಾಹ್ ಅವಳ ಬೆನ್ನು ಸವರುತ್ತಾ, "ಆದ್ರೂ ತಪ್ಪು ತಪ್ಪೇ" ಅಂದಳು. ಆಗ ಅತ್ತೆ ಸೊಸೆ ಇಬ್ಬರೂ ನಕ್ಕರು. ಅವಾತಿಫ್ ಮೂಗು ಒರೆಸಿಕೊಂಡು ಮೇಲಕ್ಕೆ ಹೋದಳು. ಇನ್‌ಶಿರಾಹ್ ಬಾಗಿಲ ಬಳಿ ಕೇಳಿದವರಿಗೆಲ್ಲ ಹೇಳಿದ್ದು ಇಷ್ಟೇ: "ಒಳ್ಳೆ ಸಿನಿಮಾ. ಒಂದು ಕಡೆ ಸುಳ್ಳಿದೆ. ನೋಡಿ."

ಮೂರು ವಾರದ ಮೇಲೆ ಟಿವಿಯವರು ರಬಾಬ್‌ಳನ್ನು ಮಾತಿಗೆ ಕರೆದರು. ನಿರೂಪಕಿ ಹತ್ತಿಯ ದೃಶ್ಯವನ್ನು ಹೊಗಳಿದಳು, ಇಷ್ಟು ನಿಜವಾಗಿ ಮಾಡಲು ಎಲ್ಲಿ ಕಲಿತಿರಿ ಎಂದು ಕೇಳಿದಳು. ರಬಾಬ್ ಕತ್ತೆತ್ತಿ ಹೇಳಿದಳು: "ನಾನು ಮಹಲ್ಲಾದವಳು. ಹತ್ತಿ ಹಿಂಜುವ ಮೆತ್ವಲ್ಲಿಯವರ ಮನೆಯಲ್ಲಿ ಬೆಳೆದವಳು. ಆ ದೃಶ್ಯದಲ್ಲಿ ಒಂದು ತಪ್ಪಿದೆ. ಮುಖ ಒರೆಸಿದವಳು ನಾನು. ಇಡೀ ಈಜಿಪ್ಟಿನಲ್ಲಿ ಅದನ್ನು ಹಿಡಿದವರು ನಮ್ಮತ್ತೆ ಒಬ್ಬರೇ."

ಇನ್‌ಶಿರಾಹ್‌ಳ ಕೋಣೆಯಲ್ಲಿ ಗುಲ್ಲೋ ಗುಲ್ಲು. ಮೇಲಿನ ಮಹಡಿಯಿಂದ ಅವಾತಿಫ್ ಮೆಟ್ಟಿಲಿಳಿಯುತ್ತಲೇ ಕೂಗಿದಳು, "ಮುಗೀತು! ಇನ್ಮೇಲೆ ಈ ಹಾಗ್ಗಾ ಮುಂದೆ ನಾವು ಬಾಯಿ ಬಿಟ್ಟ ಹಾಗೇ!"

ಇನ್‌ಶಿರಾಹ್‌ಳ ಕಣ್ಣು ಟಿವಿಯಲ್ಲಿದ್ದ ರಬಾಬ್‌ಳ ಕೈಯ ಮೇಲಿತ್ತು. ಮಾತಾಡುವಾಗ ಆ ಕೈಗಳು ಮಡಿಲಲ್ಲಿ ಅಲುಗದೆ ಕೂತಿದ್ದವು.

"ನೋಡಿದ್ಯಾ ಇಸಾಮನ ಅಮ್ಮ?" ಅಂದಳು. "ಹುಡುಗಿ ನಿಜ ಹೇಳ್ತಿದ್ದಾಳೆ."