ನಾಟಕದ ಗೌಡ ಯಾವಾಗಲೂ ಕೆಟ್ಟವನೇ

ಸ್ನೇಹಿತರೇ, ಅರಕಲಗೂಡಿನ ಹತ್ತಿರದ ನಮ್ಮೂರಲ್ಲಿ ಇವತ್ತು ನಾನು ಬರೆದ ನಾಟಕದ ರಿಹರ್ಸಲ್ ಅರ್ಧಕ್ಕೇ ನಿಂತಿತು. ಜಮೀನು ಕಬಳಿಸುವ ವಿಲನ್ ಗೌಡನ ಪಾತ್ರದ ನಿಂಗೇಗೌಡರು ಮಾತಿನ ಹಾಳೆಗಳನ್ನು ಹಾರ್ಮೋನಿಯಂ ಮೇಲೆ ಎಸೆದರು.

"ಕತೆ ಓದುದ್ರೂ ಗೌಡ, ನಾಟ್ಕ ಆಡುದ್ರೂ ಗೌಡ. ಕಂಡೋರ ಜಮೀನು ಒಡ್ಕೊಳ್ಳೋರು ನಾವೊಬ್ರೇಯಾ ಸಾ? ಎಸ್ರು ಬದ್ಲಾಯ್ಸಿ."

ನ್ಯಾಯವಾದ ಮಾತು. ವಿಲನ್ನನ್ನು ಬರೀ ಸಾಹುಕಾರ ಮಾಡಿದೆ. ನಾಟಕದಲ್ಲಿನ ಒಳ್ಳೆಯ ಮೇಷ್ಟ್ರ ಹೆಸರಿಗೆ ಗೌಡ ಸೇರಿಸಿ, ಆ ಪಾತ್ರವನ್ನು ಅವರಿಗೇ ಕೊಟ್ಟೆ.

ಅವರು ಹಾಳೆ ತಿರುವಿದರು. ವಿಲನ್ನಿಗೆ ಮೂರು ಹಾಡು. ಮೇಷ್ಟ್ರಿಗೆ ಒಂದೂ ಇಲ್ಲ, ಎರಡನೇ ದೃಶ್ಯದಲ್ಲೇ ಸಾವು.

"ನಾಟ್ಕ ನೋಡಕ್ಕೆ ನಮ್ ಬೀಗ್ರು ಬತ್ತಾವ್ರೆ ಸಾ. ಕೆಟ್ಟೋನೇ ಆಗ್ಲಿ, ನಂಗೆ ಆ ಗೌಡನ್ ಪಾರ್ಟೇ ಇರ್ಲಿ ಬುಡಿ."

ಗೌಡರ ಹೆಸರಿನ ಮಾನವೂ ಮೇಷ್ಟ್ರ ಜೊತೆ ಎರಡನೇ ದೃಶ್ಯದಲ್ಲೇ ತೀರಿಕೊಂಡಿತು.