ಕಾಫಿ ಒಂದು, ಲೋಟ ಎರಡು

ಕಳೆದ ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ಹಳೇಬೀಡಿನ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ, ನಾನು ಒಂದು ಫುಲ್ ಕಾಫಿ ತರಿಸಿಕೊಂಡು ಅರ್ಧ ಕುಡಿದು ಅರ್ಧ ಬಿಟ್ಟು ಎದ್ದೆ. ಕಾಫಿ ಚೆನ್ನಾಗಿತ್ತು. ನನ್ನ ಆರೋಗ್ಯವೂ ಚೆನ್ನಾಗಿದೆ. ಅರಸೀಕೆರೆಯಿಂದ ಪತ್ರಿಕೆಗೆ ಸುದ್ದಿ ಕಳಿಸುತ್ತಲೇ ತಲೆ ನರೆಸಿಕೊಂಡವನು ನಾನು. ನಡೆದದ್ದನ್ನು ಮೊದಲು ಹೇಳಿ, ಹಿನ್ನೆಲೆಯನ್ನು ಆಮೇಲೆ ಹೇಳುವುದು ರೂಢಿ. ಆದ್ದರಿಂದ ಇನ್ನು ಹಿನ್ನೆಲೆ.

ನಾನು ಬೈ ಟು ಮನುಷ್ಯ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಾಕಿಸಿಕೊಂಡು ಇಬ್ಬರು ಕುಡಿಯುವ ಈ ಏರ್ಪಾಟನ್ನು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ನನ್ನ ಪಾಲಿನ ಇನ್ನೊಂದು ಲೋಟ ನನ್ನ ಅಕ್ಕ ಸರ್ವಮಂಗಳಳದು. ಬೇಲೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟು ನಿವೃತ್ತಳಾದವಳು. ಮಗ, ಸೊಸೆಯ ಜೊತೆ ಅಲ್ಲಿಯೇ ಇದ್ದಾಳೆ. ನಾನು ಅರಸೀಕೆರೆ, ಅವಳು ಬೇಲೂರು, ನಡುವೆ ಹಳೇಬೀಡು. ತಿಂಗಳಿಗೊಂದು ಭಾನುವಾರ ನಾನು ಜಾವಗಲ್ ಮೇಲೆ ಹೋಗುವ ಬಸ್ಸು ಹಿಡಿದು, ಅವಳು ಬೇಲೂರಿನ ಬಸ್ಸು ಹಿಡಿದು ಇಲ್ಲಿ ಸೇರುತ್ತಿದ್ದೆವು. ಶಿಲ್ಪ ನೋಡಲು ದೇಶಾಂತರದಿಂದ ಜನ ಬರುವ ಊರಿಗೆ ನಾವು ಬರುತ್ತಿದ್ದದ್ದು ಅರ್ಧ ಲೋಟ ಕಾಫಿಗೆ. ಗುಡಿಯೊಳಗೆ ಹೋಗಿ ಎಷ್ಟು ಕಾಲವಾಯಿತೆಂದು ಕೇಳಿದರೆ ಇಬ್ಬರೂ ಮುಖ ಮುಖ ನೋಡಿಕೊಳ್ಳಬೇಕು.

ಈ ಅಭ್ಯಾಸ ಅಪ್ಪ ಹಾಕಿಕೊಟ್ಟದ್ದು. ನಮ್ಮೂರು ಹಾರನಹಳ್ಳಿಯಿಂದ ಕೊಬ್ಬರಿ ತುಂಬಿಕೊಂಡು ಅರಸೀಕೆರೆ ಮಂಡಿಗೆ ಹೋಗುವಾಗ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗುತ್ತಿದ್ದರು. ಮಕ್ಕಳು ಕಾಫಿ ಕುಡಿಯಬಾರದು ಎನ್ನುವುದು ಅವ್ವನ ಕಾನೂನು. ಅಪ್ಪ ಅದನ್ನು ಪೂರ್ತಿ ಮುರಿಯದೆ ಅರ್ಧ ಮುರಿಯುತ್ತಿದ್ದರು. ಹೋಟೆಲಿನ ಬಾಗಿಲಲ್ಲೇ ನಿಂತು ಒಳಕ್ಕೆ ಕೂಗಿ ಹೇಳುತ್ತಿದ್ದರು: 'ಕಾಫಿ ಒಂದು, ಲೋಟ ಎರಡು.'

ಅಕ್ಕ ಮುಂದೆ ಇಂಗ್ಲಿಷ್ ಮೇಡಂ ಆಗಿ, ಇಡೀ ತಾಲ್ಲೂಕಿನ ಮಕ್ಕಳ ಬಾಯಲ್ಲಿ ತಿದ್ದಲು ಹೊರಟದ್ದು ಇದೇ ವಾಕ್ಯವನ್ನು. 'ಮ್ಯಾಂಗೋ ಟೂ, ಮಿಸ್' ಎನ್ನುತ್ತಿದ್ದರು ಮಕ್ಕಳು. 'ಟೂ ಮ್ಯಾಂಗೋಸ್' ಎನ್ನುತ್ತಿದ್ದಳು ಅಕ್ಕ. ಇಂಗ್ಲಿಷಿನವರು ಮೊದಲು ಎಣಿಸುತ್ತಾರೆ, ಆಮೇಲೆ ಹೆಸರು ಹೇಳುತ್ತಾರೆ. ಕಾಫಿಯಂಥ ಎಣಿಸಲಾಗದ ಪದಾರ್ಥವಾದರೆ ಮೊದಲು ಲೋಟ, ನಡುವೆ ಒಂದು 'ಆಫ್', ಕೊನೆಗೆ ಕಾಫಿ. ನಾವು ಹಾಗಲ್ಲ. ಬೇಕಾದದ್ದನ್ನು ಮೊದಲು ಕರೆಯುತ್ತೇವೆ, ಎಷ್ಟು ಎನ್ನುವುದನ್ನು ಆಮೇಲೆ ನೋಡಿಕೊಳ್ಳುತ್ತೇವೆ. ಇಂಗ್ಲಿಷ್ ಮಾತಾಡುವಾಗಲೂ ಅಷ್ಟೆ. ಅಂಗಡಿಯಲ್ಲಿ 'ಶುಗರ್ ಒನ್ ಕೇಜಿ, ಸೋಪ್ ಟೂ.' ಕಚೇರಿಯ ಕಾಗದದಲ್ಲಿ 'ಚೇರ್ಸ್, ಪ್ಲಾಸ್ಟಿಕ್, ಬ್ಲೂ, ಟ್ವೆಂಟಿ ನಂಬರ್ಸ್.' ಬಸ್ಸಿನಲ್ಲಂತೂ ಊರನ್ನೇ ಎಣಿಸುತ್ತೇವೆ: 'ಹಳೇಬೀಡು ಒಂದು ಕೊಡಿ.' ಇರುವುದೇ ಒಂದು ಹಳೇಬೀಡು ಎಂದು ಯಾವ ಕಂಡಕ್ಟರೂ ಆಕ್ಷೇಪಿಸಿದ್ದಿಲ್ಲ.

ಹಳೇಬೀಡಿನ ಈ ಹೋಟೆಲಿನ ಪುಟ್ಟಸ್ವಾಮಿಯವರು ಇನ್ನೂ ಒಂದು ಹೆಜ್ಜೆ ಮುಂದೆ. 'ಸ್ಟ್ರಾಂಗ್ ಒಂದು, ಲೈಟ್ ಎರಡು, ವಿತೌಟ್ ಒಂದು' ಎಂದು ಅವರು ಒಳಕ್ಕೆ ಕೂಗಿದರೆ, ಅದರಲ್ಲಿ ಕಾಫಿಯೂ ಇಲ್ಲ, ಸಕ್ಕರೆಯೂ ಇಲ್ಲ. ಬರುವುದು ಮಾತ್ರ ಸರಿಯಾಗಿ ಬರುತ್ತದೆ.

ನಿವೃತ್ತಿಯಾದ ಮೇಲೆ ಅಕ್ಕ ಸ್ವಲ್ಪ ಮೆತ್ತಗಾದಳು. 'ಇಂಗ್ಲಿಷಲ್ಲೂ ಒಂದು ಪದ ನಮ್ಮ ಥರ ನಾಮಪದದ ಹಿಂದೆ ಬಂದು ಕೂರ್ತದೆ ಕಣೋ' ಎಂದಳು ಒಂದು ಸಲ. 'ಇನಫ್. ಟೈಮ್ ಇನಫ್ ಅಂದ್ರೆ ತಪ್ಪಿಲ್ಲ. ಸಾಕು ಅನ್ನೋವಾಗ ಮಾತ್ರ ಅವರಿಗೂ ಎಣಿಕೆ ಮರೆತುಹೋಗ್ತದೆ.'

'ಹಾಗಾದ್ರೆ ಆ ಪದ ಹಾರನಹಳ್ಳಿಯಿಂದ ಹೋಗಿರಬೇಕು' ಎಂದೆ.

'ನಿಮ್ಮ ಪೇಪರ್‌ನಲ್ಲಿ ಬರೆದುಬಿಡು. ನೀವು ಬರೆದದ್ದನ್ನ ಯಾರು ತಾನೆ ಪರೀಕ್ಷೆ ಮಾಡ್ತಾರೆ.'

ಅವಳು ಹೀಗೆ ಚುಚ್ಚಿದರೂ, ಎಣಿಕೆಯಲ್ಲಿ ನಾನು ಅವಳಿಗಿಂತ ಹೆಚ್ಚು ಇಂಗ್ಲಿಷಿನವನು. ಎಲ್ಲಿಯಾದರೂ ಲಾರಿ ಉರುಳಿತೆಂದು ಫೋನ್ ಮಾಡಿದರೆ ಸುದ್ದಿಮನೆಯವರು ಕೇಳುವ ಮೊದಲ ಪ್ರಶ್ನೆ 'ಎಷ್ಟು ಜನ?' ಯಾರು ಎನ್ನುವುದು ಆಮೇಲಿನ ಮಾತು. ಜೀವನವೆಲ್ಲ ಸಂಖ್ಯೆಯನ್ನು ಮುಂದೆ ಇಟ್ಟು ಬರೆದವನಿಗೆ ತಿಂಗಳಿಗೊಮ್ಮೆಯಾದರೂ ಹೆಸರು ಮೊದಲು ಬರುವ ಜಾಗದಲ್ಲಿ ಕೂರಬೇಕು ಅನ್ನಿಸುತ್ತಿತ್ತು. ಬೈ ಟುವಿಗೆ ಇನ್ನೊಂದು ಗುಣವಿದೆ. ಫುಲ್ ಕಾಫಿ ಕುಡಿದವನು ಬಾಯಿ ಒರೆಸಿಕೊಂಡು ಏಳಬೇಕು. ಬೈ ಟು ಕುಡಿದವರು ಇನ್ನೊಂದು ಬೈ ಟು ಹೇಳಬಹುದು. ಒಮ್ಮೆ ಪಕ್ಕದ ಮೇಜಿನ ವಿದೇಶಿ ಹೆಂಗಸು, ನಿಮಗೆ ಕಾಫಿ ಅಷ್ಟು ಇಷ್ಟವಿಲ್ಲವೇ ಎಂದು ಅಕ್ಕನನ್ನು ಕೇಳಿದಳು. ಅಕ್ಕ ಒಳ್ಳೆಯ ಇಂಗ್ಲಿಷಿನಲ್ಲಿ, ಕಾಫಿ ಬೇಗ ಮುಗಿಯುವುದು ಇಷ್ಟವಿಲ್ಲ ಎಂದಳು.

ಈ ವರ್ಷದ ಬೇಸಿಗೆಯಲ್ಲಿ ಅಕ್ಕ ಮನೆಯ ಬಚ್ಚಲಲ್ಲಿ ಜಾರಿ ಬಿದ್ದಳು. ತೊಡೆಯ ಮೂಳೆ ಮುರಿಯಿತು. ಹಾಸನದಲ್ಲಿ ಆಪರೇಷನ್ ಆಯಿತು. ಮೊದಲು ವಾಕರ್, ಆಮೇಲೆ ಕೋಲು. ನಡೆಯಬಹುದು, ಆದರೆ ಬಸ್ಸು ಹತ್ತುವುದು ಬೇಡ ಎಂದರು ಡಾಕ್ಟರು. ಬೇಲೂರಿನ ಅವಳ ಮನೆಗೆ ನಾನು ಹೋಗುತ್ತಲೇ ಇದ್ದೇನೆ. ಅಲ್ಲಿ ಸೊಸೆ ಶ್ವೇತಾ ಇಬ್ಬರಿಗೂ ಪಿಂಗಾಣಿ ಕಪ್ಪಿನಲ್ಲಿ ತುಂಬಿ ಕಾಫಿ ಕೊಡುತ್ತಾಳೆ. ಒಳ್ಳೆಯ ಹುಡುಗಿ. ಸ್ವಂತ ಮನೆಯಲ್ಲಿ ಯಾರಾದರೂ ಬೈ ಟು ಕೇಳುತ್ತಾರೆಯೇ? ನಾವು ತುಂಬಿದ ಕಪ್ಪು ಹಿಡಿದುಕೊಂಡು ನೆಂಟರ ಹಾಗೆ ಕೂತಿರುತ್ತೇವೆ.

ಕಾರಿನಲ್ಲಿ ಹಳೇಬೀಡಿಗೆ ಬಿಡುತ್ತೇನೆ ಎಂದು ಅಕ್ಕನ ಮಗ ಎಷ್ಟೋ ಸಲ ಹೇಳಿದ. 'ಕಾರಲ್ಲಿ ಬಂದಿಳಿದು ಬೈ ಟು ಹೇಳಿದ್ರೆ ಪುಟ್ಟಸ್ವಾಮಿ ನಗಲ್ವೇನೋ' ಎಂದಳು ಅಕ್ಕ. ನಾನು ಒತ್ತಾಯಿಸಲಿಲ್ಲ. ಕಾರು ಬಾಗಿಲಲ್ಲಿ ಕಾಯುತ್ತಾ ನಿಂತಿದ್ದರೆ ಎರಡನೆಯ ಬೈ ಟು ಹೇಳಲು ಅವಳಿಗೆ ಮನಸ್ಸು ಬರುವುದಿಲ್ಲ ಎಂದು ನನಗೆ ಗೊತ್ತು.

ಹಾಗಾಗಿ ನಾನೊಬ್ಬನೇ ಬರತೊಡಗಿದೆ. ಮೊದಲ ಸಲ ಅಭ್ಯಾಸಬಲದಿಂದ ಬೈ ಟು ಎಂದುಬಿಟ್ಟೆ.

'ಒಬ್ರಿಗೆ ಬೈ ಟು ಎಲ್ಲಿ ಬತ್ತದೆ ಸಾರ್?' ಎಂದರು ಪುಟ್ಟಸ್ವಾಮಿ. 'ಇನ್ನರ್ಧ ಯಾರ್ಗೆ ಕೊಡನ?'

'ಅರ್ಧವೇ ಕೊಡಿ.'

'ಅರ್ಧ ಅಂತ ಮಾರಾಕಿಲ್ಲ ಸಾರ್. ಫುಲ್ ಐತೆ, ಬೈ ಟು ಐತೆ. ಮೇಡಮ್ಮೋರು ಯಾವಾಗ ಬತ್ತಾರೆ?'

ಫುಲ್ ತರಿಸಿದೆ. ಕುಡಿಯುತ್ತಾ ಹೋದೆ; ಅರ್ಧಕ್ಕೆ ಬಂದಾಗ ಕೈ ತಾನಾಗಿ ನಿಂತಿತು. ಅಲ್ಲಿಂದ ಕೆಳಗಿನದು ನನ್ನದಲ್ಲವೆಂದು ಕೈಗೆ ಯಾರೋ ಹೇಳಿಕೊಟ್ಟ ಹಾಗಿತ್ತು. ಆಮೇಲಿನ ಪ್ರತಿ ಸಲವೂ ಹಾಗೆಯೇ. ಕಳೆದ ಭಾನುವಾರವೂ.

ಅವತ್ತು ಸಂಜೆ ಶ್ವೇತಾ ಫೋನ್ ಮಾಡಿದಳು. ಧ್ವನಿ ಸಣ್ಣದಾಗಿತ್ತು.

'ಮಾವ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅತ್ತೆಗೆ ನನ್ನ ಕಾಫಿ ಇಷ್ಟ ಆಗ್ತಿಲ್ಲ ಅನ್ಸುತ್ತೆ. ಬಿದ್ದಾಗ್ಲಿಂದ ದಿನಾ ಅರ್ಧ ಕಪ್ ಬಿಡ್ತಾರೆ. ಪುಡಿ ಬದಲಾಯಿಸ್ದೆ, ಹಾಲು ಬದಲಾಯಿಸ್ದೆ. ಕೇಳಿದ್ರೆ ಚೆನ್ನಾಗಿದೆ ಕಣೇ ಅಂತಾರೆ. ಮತ್ತೆ ಅರ್ಧ ಬಿಡ್ತಾರೆ. ನಿಮ್ಮ ಹತ್ರ ಏನಾದ್ರೂ ಅಂದ್ರಾ?'

ನಾನು ಹೇಳಿದೆ: 'ಕಾಫಿ ಚೆನ್ನಾಗಿದೆ ಕಣಮ್ಮ. ಪುಡಿ ಬದಲಾಯಿಸಬೇಡ. ನಾನೂ ಇವತ್ತು ಅರ್ಧ ಬಿಟ್ಟು ಬಂದೆ.' ಅಪ್ಪನಿಂದ ಹಿಡಿದು ಪುಟ್ಟಸ್ವಾಮಿಯವರೆಗೆ ಎಲ್ಲವನ್ನೂ ಹೇಳಿದೆ.

'ಅದಕ್ಕಾ' ಎಂದಳು ಶ್ವೇತಾ. 'ಬೆಳಿಗ್ಗೆ ಎದ್ದು ಯಾರೂ ನೋಡ್ತಿಲ್ಲ ಅಂದ್ಕೊಂಡು ಜಗುಲಿ ಹತ್ತಿ ಇಳಿದು ಮಾಡ್ತಿರ್ತಾರೆ. ಡಾಕ್ಟ್ರು ಹೇಳಿದ ಎಕ್ಸರ್‌ಸೈಜಾ ಅತ್ತೆ ಅಂದ್ರೆ, ಅಲ್ಲ ಕಣೇ, ಬಸ್ಸಿನ ಮೆಟ್ಲು ಇಷ್ಟೇ ಎತ್ತರ ಇರ್ತದೆ ಅಂದ್ರು. ನಾನು ತಮಾಷೆ ಅಂದ್ಕೊಂಡಿದ್ದೆ.'

ಬುಧವಾರ ಅವಳೇ ಅಕ್ಕನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಯಾರಾದರೂ ಜೊತೆಗಿದ್ದು ಕೈ ಹಿಡಿದರೆ ಒಂದು ಸಲ ಬಸ್ಸು ಹತ್ತಿ ನೋಡಿ ಎಂದರಂತೆ ಅವರು.

ಇವತ್ತು ಭಾನುವಾರ. ಅದೇ ಹೋಟೆಲಿನ ಅದೇ ಮೇಜಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಮುಂಚೆ ಶ್ವೇತಾ ಬೇಲೂರಿನ ಬಸ್ ನಿಲ್ದಾಣದಿಂದ ಫೋನ್ ಮಾಡಿದ್ದಳು. ಹಿಂದೆ ಎಂಜಿನ್ನಿನ ಸದ್ದು.

'ಹತ್ತಿದ್ರು ಮಾವ. ನಾನು ಕೈ ಕೊಟ್ರೆ, ಕೈ ಬೇಡ ಕೋಲು ಹಿಡ್ಕೋ ಅಂದ್ರು. ಸೀಟ್ ಸಿಕ್ಕಿದೆ. ಈಗ ಕಂಡಕ್ಟರ್ ಹತ್ರ ಮಾತಾಡ್ತಿದಾರೆ.'

ಅವಳ ಮಾತಿನ ಹಿಂದೆ ಅಕ್ಕನ ಧ್ವನಿ ಕೇಳಿಸಿತು: 'ಹಳೇಬೀಡು ಎರಡು.'

ಮೂವರಾಗುತ್ತೇವೆ ಎಂದು ಪುಟ್ಟಸ್ವಾಮಿಯವರಿಗೆ ತಿಳಿಸಿದೆ. 'ಅಂಗಾದ್ರೆ ಟೂ ಬೈ ತ್ರೀನಾ ಸಾರ್?' ಎಂದು ಕೇಳಿದರು. ಅಕ್ಕ ಬಂದು ಹೇಳಲಿ ಎಂದೆ. ಅವರು ಮೂರು ಲೋಟ ತೊಳೆದು ತಂದು ಮೇಜಿನ ಮೇಲೆ ಬೋರಲು ಹಾಕಿ ಹೋಗಿದ್ದಾರೆ. ಇದನ್ನು ಬರೆದು ಮುಗಿಸುವ ವೇಳೆಗೆ ಬೇಲೂರಿನ ಬಸ್ಸು ಇನ್ನೂ ಬಂದಿಲ್ಲ.